ಏರಿಗೆ ಬೆಲೆ ಕಟ್ಟುವವರಾರು?

ಮಾಸ್ತಿಯಲ್ಲಿ ಸಂಜೆಯ ನಡಿಗೆಗೆ ಜೊತೆಯಾಗುವ ನಮ್ಮ ಹಳೆಯ ಡ್ರಿಲ್ ಮೇಷ್ಟರಿಗೂ ನನಗೂ ಒಂದು ವಾದ ಇನ್ನೂ ಬಗೆಹರಿದಿಲ್ಲ. ಹಾಕಿಯಲ್ಲಿ ರಕ್ಷಣಾ ಆಟಗಾರನ ಬೆಲೆಯನ್ನು ಅಳೆಯುವುದು ಹೇಗೆ?

2013ರ ಮೊದಲ ಹಾಕಿ ಇಂಡಿಯಾ ಲೀಗಿಗಾಗಿ ನಡೆದ ಹರಾಜಿನಲ್ಲಿ ಕೊಡಗಿನ ವಿ.ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶ ತಂಡ 76,000 ಡಾಲರಿಗೆ ಕೊಂಡಿತು. 2024ರ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ ಸೂರ್ಮಾ ತಂಡ ತೆತ್ತದ್ದು 78 ಲಕ್ಷ ರೂಪಾಯಿ. ಇಬ್ಬರೂ ರಕ್ಷಕರು, ಇಬ್ಬರೂ ಡ್ರ್ಯಾಗ್ ಫ್ಲಿಕ್ ನಿಪುಣರು.

"ಗೋಲು ಹೊಡೆಯುವವನಿಗಲ್ಲವೆ ಸ್ವಾಮಿ, ಹಣ?" ಎನ್ನುತ್ತಾರೆ ಮೇಷ್ಟರು. ಒಪ್ಪಿದೆ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಹರ್ಮನ್‌ಪ್ರೀತ್ ಹೊಡೆದದ್ದು 10 ಗೋಲು. ಆದರೆ ಆ ಬೆಲೆ ಗೋಲಿನದು, ರಕ್ಷಣೆಯದಲ್ಲ.

ಅದೇ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲಿನಲ್ಲಿ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದರು. ಎದುರಾಳಿಯ ಪೆನಾಲ್ಟಿ ಕಾರ್ನರಿಗೆ ಮೊದಲು ಮುನ್ನುಗ್ಗಿ, ಚೆಂಡಿಗೆ ಮೈಯೊಡ್ಡುವವರು ಅವರು. ಸೆಮಿಫೈನಲಿನಲ್ಲಿ ಅವರಿಲ್ಲದೆ ಆಡಿದ ಭಾರತ ಜರ್ಮನಿಗೆ 2-3ರಿಂದ ಸೋತಿತು. ಅವರೊಬ್ಬರ ಗೈರಿನಿಂದಲೇ ಸೋತೆವೆನ್ನಲಾರೆ. ಆದರೆ ಜರ್ಮನಿಯ ಮೊದಲ ಗೋಲು ಬಂದದ್ದು ಪೆನಾಲ್ಟಿ ಕಾರ್ನರಿನಿಂದಲೇ.

"ಆಗದ ಗೋಲನ್ನು ಎಣಿಸುವುದೆಂತು?" ಎಂಬುದು ಮೇಷ್ಟರ ಮರುಪ್ರಶ್ನೆ. ಆಗದ ಗೋಲನ್ನು ಎಣಿಸಲಾಗದು, ನಿಜ. ತಡೆದ ಹೊಡೆತಗಳನ್ನು, ವೃತ್ತದೊಳಗೆ ಕಸಿದ ಚೆಂಡುಗಳನ್ನು ಎಣಿಸಬಹುದಲ್ಲ! ಹರಾಜಿನಲ್ಲಿ ಆ ಲೆಕ್ಕಕ್ಕೂ ಬೆಲೆ ಸಿಗಬೇಕು.

ನಮ್ಮದು ಕೆರೆಗಳ ಸೀಮೆ. ತೂಬಿನಿಂದ ಹರಿಯುವ ನೀರು ಎಲ್ಲರ ಕಣ್ಣಿಗೂ ಬೀಳುತ್ತದೆ. ಏರಿಯ ನೆನಪಾಗುವುದು ಅದು ಒಡೆದ ದಿನ. ಓದುಗರೇನನ್ನುವಿರಿ?