ಕೊಳ್ಳಬೇಡಿರೆಂದ ಜಾಹೀರಾತು

ಕೊಳ್ಳಿರೆಂದು ಕರೆಯುವುದು ಜಾಹೀರಾತಿನ ಹುಟ್ಟುಗುಣ. ಎರಡನೆಯ ಮಹಾಯುದ್ಧದ ಬ್ರಿಟನ್ನಿನಲ್ಲಿ ಅದು ಕೊಳ್ಳಬೇಡಿರೆಂದು ಬೇಡಿಕೊಂಡಿತು. ರಾಷ್ಟ್ರೀಯ ಉಳಿತಾಯ ಸಮಿತಿಯ ಭಿತ್ತಿಪತ್ರಗಳಲ್ಲಿ 'ಸ್ಕ್ವಾಂಡರ್ ಬಗ್' ಎಂಬ ದುಂದುಗಾರ ಕೀಟವು ಜನರನ್ನು ಅನಗತ್ಯ ಖರೀದಿಗೆ ಪ್ರೇರೇಪಿಸುತ್ತಿತ್ತು. ಅದರ ಮೈಮೇಲೆ ನಾಜಿ ಲಾಂಛನ. ದುಂದು ಮಾಡುವವನು ಶತ್ರುವಿನ ಸಂಗಾತಿಯೆಂಬುದು ಅದರ ಧ್ವನಿ.

ಇದನ್ನು ಬರಿಯ ಪ್ರಚಾರವೆಂದು ತಳ್ಳಿಹಾಕಲಾಗದು. ಆ ಕರೆಯ ಹಿಂದೆ ಪಡಿತರ ಪುಸ್ತಕವಿತ್ತು. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆಗಳಿಗೂ 1941ರ ಜೂನ್‌ನಲ್ಲಿ ಬಟ್ಟೆಗೂ ಪಡಿತರ ಬಂದಿತು. ಕೊರತೆಯನ್ನು ಸಮನಾಗಿ ಹಂಚಿದವರ ಬಾಯಲ್ಲಿ ಮಾತ್ರ ಮಿತವ್ಯಯದ ಬೋಧನೆ ಒಪ್ಪುತ್ತದೆ.

ಅದೇ ಸಾಮ್ರಾಜ್ಯದ ಬಂಗಾಳದಲ್ಲಿ 1943ರ ಕ್ಷಾಮ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಕಲ್ಕತ್ತೆಗೆ ಪಡಿತರ ವ್ಯವಸ್ಥೆ ಬಂದುದು 1944ರ ಜನವರಿಯ ಕೊನೆಗೆ. ಯುದ್ಧಕಾಲದ ಉಳಿತಾಯ ಪತ್ರಗಳನ್ನು ಕೊಳ್ಳಿರೆಂಬ ಕರೆ ಮಾತ್ರ ಭಾರತಕ್ಕೂ ಬಂದಿತ್ತು. ಉಣ್ಣಲು ಅನ್ನವಿಲ್ಲದವನ ಕಿವಿಗೆ ಉಳಿತಾಯದ ಉಪದೇಶ ಅಣಕವಾಗಿಯೇ ಕೇಳುತ್ತದೆ.

ಆದ್ದರಿಂದ ಬಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಅಶನಿ ಸಂಕೇತ'ದಂತಹ ಕ್ಷಾಮದ ಕಾದಂಬರಿಗಳನ್ನು ಓದುವವರು ಆ ಕಾಲದ ಪತ್ರಿಕೆಗಳ ಜಾಹೀರಾತುಗಳನ್ನೂ ಪಕ್ಕದಲ್ಲಿರಿಸಿಕೊಳ್ಳಬೇಕು. ಕಾದಂಬರಿ ಕಂಡ ಹಸಿವನ್ನು ಆ ಪುಟಗಳು ಕಾಣಿಸಿದವೋ ಮರೆಸಿದವೋ ಎಂಬುದು ಸಾಹಿತ್ಯ ಸಂಶೋಧನೆಯೇ ಕೇಳಬೇಕಾದ ಪ್ರಶ್ನೆ.