ಹೆಸರು ಬರೆಯುವ ಜಾಗ

ಮುಂದಿನ ಸಂಚಿಕೆಯಿಂದ ಓದುಗರು ಆನ್‌ಲೈನ್‌ನಲ್ಲೇ ಸದಸ್ಯರಾಗಬಹುದು. ಅದಕ್ಕೆಂದು ಸಿದ್ಧವಾಗಿ ಬಂದ ನೋಂದಣಿ ಅರ್ಜಿಯ ಮೊದಲ ಸಾಲನ್ನೇ ನಾವು ಒಪ್ಪಲಿಲ್ಲ. ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎಂದು ಎರಡು ಖಾನೆ. ಎರಡನ್ನೂ ತುಂಬದೆ ಮುಂದೆ ಹೋಗುವಂತಿಲ್ಲ.

ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಸ್ವಂತ ಹೆಸರು ಮೊದಲು, ಮನೆತನದ್ದು ಕೊನೆಗೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು ಮೊದಲು, ಸ್ವಂತ ಹೆಸರು ಕೊನೆಗೆ. ಆ ಅರ್ಜಿ ಬೇಂದ್ರೆಯವರಿಗೆ ಹೇಗೋ ಹೊಂದೀತು. ಕುವೆಂಪು ಅವರಿಗೆ ‘ಪ್ರಿಯ ಕುಪ್ಪಳಿ’ ಎಂದು ಕಾಗದ ಬರೆಯುತ್ತದೆ. ಬರೀ ಇನಿಷಿಯಲ್ ಇರುವವರು, ಅದೂ ಇಲ್ಲದವರು ಒಂದು ಚುಕ್ಕಿ ಒತ್ತಿ ದಾಟಬೇಕು. ಹೀಗಾಗಿ ಒಂದೇ ಖಾನೆ ಇಟ್ಟೆವು.

ಅದರಲ್ಲಿ ಕನ್ನಡ ಬರೆದು ನೋಡಿದಾಗ ಇನ್ನೊಂದು ತೊಡಕು. ‘ಕಮಲ’ ಒಳಗೆ ಹೋಯಿತು, ‘ವಿಮಲ’ ಹೋಗಲಿಲ್ಲ. ಹೆಸರಿನಲ್ಲಿ ಅಕ್ಷರಗಳಷ್ಟೇ ಇರಬೇಕೆಂಬ ನಿಯಮ ಪ್ರೋಗ್ರಾಮಿನಲ್ಲಿತ್ತು. ಯೂನಿಕೋಡ್ ಲೆಕ್ಕದಲ್ಲಿ ‘ವ’ ಅಕ್ಷರ, ಅದರ ಮೇಲಿನ ಗುಡಿಸು ಬೇರೆಯೇ ಒಂದು ಚಿಹ್ನೆ. ‘ಲಕ್ಷ್ಮೀ’ ನಮಗೆ ಎರಡಕ್ಷರ, ಕಂಪ್ಯೂಟರಿಗೆ ಏಳು ಸಂಕೇತ. ಗುಣಿತವೂ ಒತ್ತೂ ಇಲ್ಲದ ಹೆಸರು ಕನ್ನಡದಲ್ಲಿ ಎಷ್ಟಿದ್ದಾವು? ತಿದ್ದಬೇಕಾಗಿದ್ದು ಒಂದೇ ಸಾಲು. ಆದರೆ ಅದು ತಿಳಿಯಲು ಯಾರಾದರೂ ಕನ್ನಡದಲ್ಲಿ ಹೆಸರು ಬರೆದು ನೋಡಬೇಕಿತ್ತು. ಎಷ್ಟೋ ಕಡೆ ಆ ಕೆಲಸವೇ ಆಗುವುದಿಲ್ಲ ಎಂಬುದು ನಮ್ಮ ಕಳವಳ.

ವಿಳಾಸದಲ್ಲಿ ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು ಬರೆಯಲು ಜಾಗವಿದೆ. ಉದ್ಯೋಗ, ಲಿಂಗ ಕೇಳುವುದಿಲ್ಲ. ಹುಟ್ಟಿದ ದಿನದ ಬದಲು 18 ತುಂಬಿದೆಯೇ ಎಂದಷ್ಟೇ ಕೇಳುತ್ತೇವೆ. ಕಿರಿಯರಾದರೆ ಹೆತ್ತವರ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯಿರಿ ಎನ್ನುತ್ತದೆ. ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕೆಂದೂ ಅದರಲ್ಲಿದೆ. ಕನ್ನಡ ಆ ಪಟ್ಟಿಯಲ್ಲಿದೆ. ಕನ್ನಡಿಗರು ಇದನ್ನು ಎಲ್ಲೆಡೆ ಕೇಳಿ ಪಡೆಯಬೇಕು.

ಕಾವ್ಯನಾಮಕ್ಕೆ ಪ್ರತ್ಯೇಕ ಖಾನೆಯಿದೆ. ಅನಸೂಯಾ ಶಂಕರ್ ಅವರನ್ನು ಓದುಗರು ಬಲ್ಲದ್ದು ತ್ರಿವೇಣಿಯೆಂದೇ. ಇಂದು ಬೇರೆ ಹೆಸರಿನಲ್ಲಿ ಬರೆಯುವ ಹೆಣ್ಣುಮಕ್ಕಳಿಗೆ ಮನೆಯವರಿಂದ, ಕಚೇರಿಯವರಿಂದ ಮರೆಯಲ್ಲಿರಲು ಕಾರಣಗಳಿರುತ್ತವೆ. ಪ್ರೊಫೈಲಿನಲ್ಲಿ ಯಾವ ಹೆಸರು, ಯಾವ ಊರು, ಫೋಟೊ ಕಾಣಬೇಕೆಂಬುದು ಸದಸ್ಯರಿಗೇ ಬಿಟ್ಟದ್ದು. ಫೋನ್ ನಂಬರ್ ಯಾರಿಗೂ ಕಾಣದು.

ಹಳೆಯ ಚಂದಾದಾರರ ಹೆಸರುಗಳನ್ನು ರಸೀದಿ ಪುಸ್ತಕದಲ್ಲಿದ್ದಂತೆಯೇ ಸೇರಿಸುತ್ತಿದ್ದೇವೆ. ನಿಮ್ಮ ಹೆಸರು ನೀವು ಬರೆಯುವಂತೆ ಇಲ್ಲದಿದ್ದರೆ ಒಂದು ಕಾರ್ಡು ಹಾಕಿ; ಸರಿಪಡಿಸುತ್ತೇವೆ.