ಲಾಕ್ ಆದರೆ ಟೈಪ್ ಮಾಡಿದವನದೇ ತಪ್ಪಾ?

ನಮ್ಮ ಆಫೀಸುಗಳಲ್ಲಿ 90 ದಿನಕ್ಕೊಮ್ಮೆ ತಪ್ಪದೆ ನಡೆಯೋ ಶ್ರಾದ್ಧ ಅಂದರೆ ಪಾಸ್‌ವರ್ಡ್ ಬದಲಾವಣೆ. ಹೀಗೇ ಬದಲಿಸುತ್ತಾ ಬದಲಿಸುತ್ತಾ ಒಂದು ದಿನ ಖಾತೆಯೇ ಲಾಕ್! ಐಟಿಯವರನ್ನು ಕೇಳಿದರೆ "ಸರಿಯಾಗಿ ಟೈಪ್ ಮಾಡಿ ಸಾರ್" ಅನ್ನೋ ಉಪದೇಶ. ನನಗೆ ಉರಿಯೋದು ಇಲ್ಲೇ.

ಸ್ವಾಮಿ, ಆಕ್ಟಿವ್ ಡೈರೆಕ್ಟರಿ ಇದ್ದಲ್ಲಿ ಕಂಪ್ಯೂಟರ್, ಮೇಲ್, ವೈಫೈ ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ಹೊಸದು ಸರ್ವರಿಗೆ ಗೊತ್ತು. ಆದರೆ ಮೂಲೆಗೆಸೆದ ಹಳೇ ಮೊಬೈಲು, ಯಾವತ್ತೋ ಮಾಡಿಟ್ಟ ಶೆಡ್ಯೂಲ್ಡ್ ಟಾಸ್ಕು? ಅವು ಓಬೀರಾಯನ ಕಾಲದ ಪಾಸ್‌ವರ್ಡನ್ನೇ ಕಳಿಸುತ್ತಾ ಕೂತಿರುತ್ತವೆ. ಡೊಮೈನ್ ಕಂಟ್ರೋಲರಿನ ಸೆಕ್ಯುರಿಟಿ ಲಾಗಿನಲ್ಲಿ 4740 ನಂಬರಿನ ಈವೆಂಟ್ ತೆರೆದರೆ ಯಾವ ಯಂತ್ರದಿಂದ ಲಾಕ್ ಆಯಿತು ಅನ್ನೋದು ಸಾಮಾನ್ಯವಾಗಿ ಸಿಗುತ್ತೆ. ಅದನ್ನು ನೋಡದೆ ಬರೀ ರೀಸೆಟ್ ಮಾಡಿ ಕಳಿಸಿದರೆ ಮಧ್ಯಾಹ್ನ ಮತ್ತೆ ಲಾಕ್. ಕೆಲಸ ಕೆಟ್ಟಿದ್ದು ನಮ್ಮದು, ಬೈಸಿಕೊಂಡಿದ್ದೂ ನಾವೇ!

"ಸುರಕ್ಷತೆಗಾಗಿ" ಅಂತೀರಾ? ಜನ ಕೊನೆಯ 1 ಅಳಿಸಿ 2 ಹಾಕ್ತಾರೆ, ಅಷ್ಟೇ. ಅಮೆರಿಕದ ನಿಸ್ಟ್ ಸಂಸ್ಥೆ 2017ರಲ್ಲೇ, ಸೋರಿಕೆಯ ಪುರಾವೆ ಇಲ್ಲದೆ ಸುಮ್ಮಸುಮ್ಮನೆ ಬದಲಿಸೋಕೆ ಒತ್ತಾಯಿಸಬೇಡಿ ಅಂದಿದೆ. 2019ರಲ್ಲಿ ಮೈಕ್ರೋಸಾಫ್ಟೇ ವಿಂಡೋಸ್ ಸುರಕ್ಷತಾ ಶಿಫಾರಸಿನಿಂದ ಈ ಗಡುವನ್ನು ಕಿತ್ತುಹಾಕಿತು.

ಮೊದಲು ಗಡುವು ತೆಗೀರಿ, ಲಾಗ್ ಓದಿ. ಆಮೇಲೆ ನಮಗೆ ಟೈಪಿಂಗ್ ಕಲಿಸುವಿರಂತೆ!